ನಿರಾಶೆಯನ್ನು ಗೆದ್ದ ಸೌಮ್ಯಮೂರ್ತಿ: ಸಂತ ಫ್ರಾನ್ಸಿಸ್ ಡಿ ಸೇಲ್ಸ್

ಪ್ರತಿವರ್ಷ ಜನವರಿ 24ರಂದು ಧರ್ಮಸಭೆಯು ಸಂತ ಫ್ರಾನ್ಸಿಸ್ ಡಿ ಸೇಲ್ಸರ ಸ್ಮರಣೆಯನ್ನು ಆಚರಿಸುತ್ತದೆ. ಪಾದುವದ ಸಂತ ಅಂತೋಣಿಯವರಿಗೆ, ಅಸ್ಸಿಸಿಯ ಸಂತ ಫ್ರಾನ್ಸಿಸರಿಗೆ, ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಝೇವಿಯರರಿಗೆ ನಮ್ಮ ಮನೆಗಳ ಪೀಠಗಳಲ್ಲಿ ದೊರೆತಿರುವ ಸ್ಥಾನ ಈ ಸಂತರಿಗೆ ದೊರೆತಿಲ್ಲ. ಆದರೆ ಅವರ ಹೆಸರು ನಮಗೆ ತೀರ ಅಪರಿಚಿತವೂ ಅಲ್ಲ. ಡಾನ್ ಬಾಸ್ಕೊ ಶಾಲೆಗಳಲ್ಲಿ ಓದಿದ ನಮ್ಮ ಮಕ್ಕಳು ಸಲೇಶಿಯನ್ ಗುರುಗಳನ್ನು ಬಲ್ಲರು. ಆ ಪದ ಹುಟ್ಟಿದ್ದೇ ಸೇಲ್ಸ್ ಎಂಬ ಈ ಹೆಸರಿನಿಂದ. 1859ರಲ್ಲಿ ತೂರಿನ್ ನಗರದಲ್ಲಿ ಸಂತ ಜಾನ್ ಬಾಸ್ಕೊ ತಮ್ಮ ಸಭೆಯನ್ನು ಕಟ್ಟಿದಾಗ ತಮ್ಮ ಹೆಸರನ್ನಾಗಲಿ ತಮ್ಮ ಊರಿನ ಹೆಸರನ್ನಾಗಲಿ ಅದಕ್ಕೆ ಇಡಲಿಲ್ಲ. ಬೀದಿಯ ಹುಡುಗರೊಡನೆ ಬಾಳುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಸೌಮ್ಯತೆ ಎಂದು ಬಗೆದು, ಸೌಮ್ಯತೆಗೆ ಹೆಸರಾದ ಈ ಧರ್ಮಾಧ್ಯಕ್ಷರ ಹೆಸರನ್ನು ಇಟ್ಟರು.

ಸೌಮ್ಯ ಸಂತರೆಂದು ಕರೆಯಿಸಿಕೊಂಡವರ ವಿಷಯದಲ್ಲಿ ನಾವು ಸಾಮಾನ್ಯವಾಗಿ ಒಂದು ತಪ್ಪು ಎಣಿಕೆ ಮಾಡುತ್ತೇವೆ. ಅವರು ಹುಟ್ಟಿನಿಂದಲೇ ಹಾಗಿದ್ದರು, ಅವರಿಗೆ ಕೋಪವೇ ಬರುತ್ತಿರಲಿಲ್ಲ, ಮನಸ್ಸಿಗೆ ಕತ್ತಲೆ ಕವಿಯುತ್ತಿರಲಿಲ್ಲ, ಆದ್ದರಿಂದ ಅವರಿಗೆ ಪುಣ್ಯವಂತರಾಗುವುದು ಸುಲಭವಾಯಿತು ಎಂದುಕೊಳ್ಳುತ್ತೇವೆ. ಫ್ರಾನ್ಸಿಸರ ಜೀವನವನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು. ಅವರು ಬಹುಬೇಗ ಸಿಟ್ಟಿಗೇಳುವ ಸ್ವಭಾವದವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ತಾನು ದೇವರಿಂದ ಕೈಬಿಡಲ್ಪಟ್ಟವನೆಂದೂ ನರಕವೇ ತನಗೆ ಗತಿಯೆಂದೂ ನಂಬಿ ಆರು ವಾರಗಳ ಕಾಲ ಅನ್ನನೀರು ಬಿಟ್ಟು ಸೊರಗಿದವರು.

1567ರ ಆಗಸ್ಟ್ 21ರಂದು ಆಲ್ಪ್ಸ್ ಪರ್ವತಗಳ ಮಡಿಲಿನ ಸವೋಯ್ ರಾಜ್ಯದಲ್ಲಿ, ಥೋರೆನ್ಸ್ ಎಂಬ ಹಳ್ಳಿಯ ಬಳಿಯ ಸೇಲ್ಸ್ ಕೋಟೆಮನೆಯಲ್ಲಿ ಅವರು ಜನಿಸಿದರು. ಸವೋಯ್ ಅಂದು ಫ್ರಾನ್ಸಿಗೆ ಸೇರಿರಲಿಲ್ಲ. ಅದಕ್ಕೆ ತನ್ನದೇ ಆದ ಡ್ಯೂಕ್ ಇದ್ದನು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ತಾಯಿ ಇನ್ನೂ ಹದಿಹರೆಯದವಳು. ತಂದೆ ಆಕೆಗಿಂತ ಬಹಳ ಹಿರಿಯ, ಮಾತಿಗೆ ಎದುರಾಡುವವರನ್ನು ಸಹಿಸದ ಸರದಾರ. ಹಿರಿಯ ಮಗ ಕಾನೂನು ಓದಿ, ಶಾಂಬೇರಿಯ ಸೆನೆಟ್ ಸಭೆಯಲ್ಲಿ ಕುಳಿತು, ಒಳ್ಳೆಯ ಮನೆತನದ ಹೆಣ್ಣನ್ನು ವರಿಸಿ ವಂಶವನ್ನು ಬೆಳಗಬೇಕೆಂಬುದು ತಂದೆಯ ಸಂಕಲ್ಪ. ಗುರುವಾಗಬೇಕೆಂಬುದು ಬಾಲಕನ ಗುಟ್ಟಿನ ಬಯಕೆ. ತಂದೆ ಪ್ಯಾರಿಸ್ ನಗರದ ಬೇರೊಂದು ಕಾಲೇಜನ್ನು ಆರಿಸಿದಾಗ, ತಾಯಿಯ ಕಡೆಯಿಂದ ಹೇಳಿಸಿ, ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಕ್ಲೆರ್ಮಾಂಟ್ ಕಾಲೇಜಿಗೆ ಸೇರುವಷ್ಟು ಮಟ್ಟಿಗೆ ಮಾತ್ರ ಬಾಲಕನ ಹಟ ಗೆದ್ದಿತು.

ಆ ಕಾಲದ ಪ್ಯಾರಿಸ್ ವಾದವಿವಾದಗಳ ಊರು. ಜಿನೀವಾದಲ್ಲಿ ಜಾನ್ ಕ್ಯಾಲ್ವಿನ್ ಬೋಧಿಸಿದ ಮತವು ಯೂರೋಪಿನ ಅರ್ಧ ಭಾಗವನ್ನು ಅಲುಗಾಡಿಸಿತ್ತು. ಯಾರು ಸ್ವರ್ಗಕ್ಕೆ, ಯಾರು ನರಕಕ್ಕೆ ಎಂಬುದನ್ನು ದೇವರು ಜಗತ್ತಿನ ಸೃಷ್ಟಿಗೆ ಮೊದಲೇ ಗೊತ್ತುಮಾಡಿರುವರೇ? ಮನುಷ್ಯನ ಪ್ರಯತ್ನಕ್ಕೆ ಅದರಲ್ಲಿ ಎಡೆಯುಂಟೆ? ಈ ಪ್ರಶ್ನೆಯನ್ನು ಕಥೋಲಿಕ ಪಂಡಿತರೂ ತಮ್ಮತಮ್ಮೊಳಗೆ ಬಿಸಿಯಾಗಿ ಚರ್ಚಿಸುತ್ತಿದ್ದರು. ಸಂತ ಆಗಸ್ಟೀನರ ಹಾಗೂ ಸಂತ ಥಾಮಸ್ ಅಕ್ವಿನಾಸರ ಗ್ರಂಥಗಳಲ್ಲಿನ ಕೆಲವು ಕಠಿಣ ವಾಕ್ಯಗಳನ್ನು ಮುಂದಿಟ್ಟುಕೊಂಡು ವಾದ ನಡೆಯುತ್ತಿತ್ತು. ಬಹುಪಾಲು ವಿದ್ಯಾರ್ಥಿಗಳಿಗೆ ಇದು ಪರೀಕ್ಷೆಗೆ ಬೇಕಾದ ಒಂದು ಪಾಠ. ಫ್ರಾನ್ಸಿಸರಿಗೆ ಅದು ತಮ್ಮ ಹಣೆಬರಹದ ಪ್ರಶ್ನೆಯಾಯಿತು.

1586ರ ಡಿಸೆಂಬರಿನಲ್ಲಿ ಈ ಶಂಕೆ ಅವರನ್ನು ಹಿಡಿದುಕೊಂಡಿತು. ಆಯ್ದವರ ಪಟ್ಟಿಯಲ್ಲಿ ತನ್ನ ಹೆಸರು ಇಲ್ಲದಿದ್ದರೆ? ಇಷ್ಟು ದಿನದ ಪ್ರಾರ್ಥನೆ, ಉಪವಾಸ, ಪರಮಪ್ರಸಾದ ಸ್ವೀಕಾರ ಎಲ್ಲವೂ ವ್ಯರ್ಥವಾಗಿದ್ದರೆ? ತಾನು ಇಷ್ಟೊಂದು ಪ್ರೀತಿಸುವ ದೇವರನ್ನು ನಿತ್ಯಕಾಲವೂ ದೂಷಿಸುವವರ ಸಾಲಿನಲ್ಲಿ ತಾನೂ ನಿಲ್ಲಬೇಕಾಗಿ ಬಂದರೆ? ಈ ಕೊನೆಯ ಯೋಚನೆಯೇ ಅವರನ್ನು ಹೆಚ್ಚು ಸುಟ್ಟಿತೆಂದು ಕಾಣುತ್ತದೆ. ನಿದ್ದೆ ಹೋಯಿತು, ಊಟ ಸೇರದಾಯಿತು, ಮೈಬಣ್ಣ ಹಳದಿಗೆ ತಿರುಗಿತು, ನಡೆದಾಡುವುದೂ ಕಷ್ಟವಾಯಿತು. ಜೊತೆಯಲ್ಲಿದ್ದ ಉಪಾಧ್ಯಾಯರಿಗೆ ಕಾಯಿಲೆಯೇನೆಂದು ತಿಳಿಯಲಿಲ್ಲ. ಹುಡುಗನೂ ಬಾಯಿ ಬಿಡಲಿಲ್ಲ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಭಕ್ತಿಯುಳ್ಳ ಕುಟುಂಬದಲ್ಲಿ ಬೆಳೆದ, ತಪ್ಪದೆ ಪೂಜೆಗೆ ಹೋಗುವ, ಓದಿನಲ್ಲಿ ಮುಂದಿರುವ ಯುವಕನ ಮನಸ್ಸಿನೊಳಗೆ ಇಂಥ ಕತ್ತಲೆ ಇರಬಹುದೆಂದು ಹೆತ್ತವರಿಗೆ ಹೊಳೆಯುವುದೇ ಇಲ್ಲ. ಕೆಟ್ಟ ಸಹವಾಸ, ಸೋಮಾರಿತನ, ಮೊಂಡುತನ ಇವನ್ನು ನಾವು ಬೇಗ ಗುರುತಿಸುತ್ತೇವೆ; ಒಳ್ಳೆಯ ಮಕ್ಕಳು ಒಳಗೊಳಗೇ ತಮ್ಮನ್ನು ತಾವು ಶಪಿಸಿಕೊಳ್ಳುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ. ಫ್ರಾನ್ಸಿಸರ ಈ ನಿರಾಶೆ ಧರ್ಮವನ್ನು ಬಿಟ್ಟದ್ದರಿಂದ ಬಂದದ್ದಲ್ಲ. ಧರ್ಮದ ಬಗ್ಗೆ ಅತಿಯಾದ ಕಾಳಜಿಯಿಂದ, ಅದೂ ಭಯದಿಂದ ಬೆರೆತ ಕಾಳಜಿಯಿಂದ ಬಂದದ್ದು. ಅವರನ್ನು ಆ ದಿನಗಳಲ್ಲಿ ಕಂಡವರು ಇನ್ನಷ್ಟು ಭಕ್ತನಾಗು ಎಂದು ಬುದ್ಧಿ ಹೇಳಿದ್ದರೆ ಬೆಂಕಿಗೆ ಎಣ್ಣೆ ಸುರಿದಂತಾಗುತ್ತಿತ್ತು.

1587ರ ಜನವರಿಯ ಒಂದು ದಿನ, ಕಾಲೇಜಿನಿಂದ ಹಿಂದಿರುಗುವಾಗ, ಸಂತ ಸ್ಟೀಫನರ ಹೆಸರಿನ ದೇವಾಲಯವೊಂದನ್ನು ಅವರು ಹೊಕ್ಕರು. ಅಲ್ಲಿ ಬಿಡುಗಡೆಯ ಮಾತೆ ಎಂದು ಜನ ಕರೆಯುತ್ತಿದ್ದ, ಕಪ್ಪು ಬಣ್ಣದ ಮರಿಯಮ್ಮನವರ ಪ್ರತಿಮೆಯೊಂದಿತ್ತು. ಅದರ ಮುಂದೆ ಮೊಣಕಾಲೂರಿದಾಗ, ಹಲಗೆಯೊಂದರ ಮೇಲೆ ಅಂಟಿಸಿದ್ದ ಪ್ರಾರ್ಥನೆ ಅವರ ಕಣ್ಣಿಗೆ ಬಿತ್ತು. ಮಾತೆಯ ಆಶ್ರಯ ಬೇಡಿ ಬಂದವರು ಬರಿಗೈಯಲ್ಲಿ ಹಿಂದಿರುಗಿದ್ದುಂಟೇ ಎಂದು ಆಕೆಗೇ ನೆನಪಿಸುವ ಆ ಹಳೆಯ ಪ್ರಾರ್ಥನೆಯನ್ನು ನಮ್ಮಲ್ಲಿ ಅನೇಕರು ಜಪಸರದ ಕೊನೆಯಲ್ಲಿ ಇಂದಿಗೂ ಹೇಳುತ್ತೇವೆ. ಅದನ್ನು ಓದಿ ಮುಗಿಸಿ ಅವರು ಒಂದು ತೀರ್ಮಾನಕ್ಕೆ ಬಂದರು. ಮುಂದಿನ ಲೋಕದಲ್ಲಿ ತನ್ನ ಗತಿ ಏನೆಂಬುದನ್ನು ದೇವರಿಗೇ ಬಿಡುವುದು. ಅಲ್ಲಿ ಅವರನ್ನು ಪ್ರೀತಿಸುವ ಭಾಗ್ಯ ಇಲ್ಲದಿದ್ದರೆ ಇರಲಿ, ಇಲ್ಲಿ ಬದುಕಿರುವಷ್ಟು ದಿನವಾದರೂ ಮನಸಾರೆ ಪ್ರೀತಿಸುವುದು. ಬ್ರಹ್ಮಚರ್ಯದ ವ್ರತವನ್ನು ಕೈಗೊಂಡು, ದಿನವೂ ಜಪಸರ ಮಾಡುವೆನೆಂದು ಮಾತು ಕೊಟ್ಟು ಎದ್ದಾಗ, ಮೈಮೇಲಿನಿಂದ ಹಕ್ಕಳೆಗಳು ಉದುರಿಬಿದ್ದಂತೆ ಭಾರವೆಲ್ಲ ಇಳಿದುಹೋಯಿತು.

ಈ ತೀರ್ಮಾನವನ್ನು ಗಮನಿಸಿ ನೋಡಬೇಕು. ಅವರನ್ನು ಕಾಡಿದ ಪ್ರಶ್ನೆಗೆ ಅಂದು ಉತ್ತರ ಸಿಗಲಿಲ್ಲ. ತಾನು ಆಯ್ದವರಲ್ಲಿ ಒಬ್ಬನೆಂಬ ದೇವವಾಣಿಯೇನೂ ಕೇಳಿಬರಲಿಲ್ಲ. ತನ್ನ ವಿಷಯವಾಗಿ ದೇವರು ಏನು ಮಾಡುವರೆಂಬ ಚಿಂತೆಯನ್ನು ಬದಿಗಿಟ್ಟು, ತಾನು ಇಂದು ಏನು ಮಾಡಬಲ್ಲೆನೆಂಬುದಕ್ಕೆ ಅವರು ತಿರುಗಿದರು, ಅಷ್ಟೆ. ವಿದ್ವತ್ತಿನ ಮಟ್ಟದಲ್ಲಿ ಈ ವಿಷಯವನ್ನು ಅವರು ಬಗೆಹರಿಸಿಕೊಂಡದ್ದು ಅನಂತರ, ಇಟಲಿಯ ಪಾದುವದಲ್ಲಿ ಓದುತ್ತಿದ್ದಾಗ. ದೇವರು ಎಲ್ಲರ ರಕ್ಷಣೆಯನ್ನೂ ಬಯಸುತ್ತಾರೆ, ಮನುಷ್ಯನ ಸ್ವಾತಂತ್ರ್ಯವನ್ನು ಗೌರವಿಸುತ್ತಾರೆ ಎಂಬ ಪಕ್ಷವನ್ನು ಹಿಡಿದು, ತಾವು ಪೂಜಿಸುತ್ತಿದ್ದ ಆ ಇಬ್ಬರು ಮಹಾಪಂಡಿತರ ವ್ಯಾಖ್ಯಾನಗಳಿಂದ ವಿನಯಪೂರ್ವಕವಾಗಿ ದೂರ ಸರಿದರು. ಮುಂದೆ ಅವರು ಬರೆದದ್ದೆಲ್ಲದರ ಬೇರು ಇಲ್ಲಿದೆ. ಅವರು ಮೊಣಕಾಲೂರಿದ ಆ ದೇವಾಲಯ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ನೆಲಸಮವಾಯಿತು. ಪ್ರತಿಮೆ ಮಾತ್ರ ಉಳಿದುಕೊಂಡು ಪ್ಯಾರಿಸಿಗೆ ತಾಗಿದ ನ್ಯೂಯಿ ಪಟ್ಟಣದ ಕನ್ಯಾಮಠವೊಂದರ ಪ್ರಾರ್ಥನಾಲಯವನ್ನು ಸೇರಿತು.

ಪಾದುವದಲ್ಲಿ ಮೂರು ವರ್ಷಗಳ ವ್ಯಾಸಂಗ ಮುಗಿಸಿ 1591ರಲ್ಲಿ ಕಾನೂನಿನ ಡಾಕ್ಟರ್ ಪದವಿ ಪಡೆದರು. ಅಲ್ಲಿ ತೀವ್ರ ಜ್ವರದಿಂದ ಸಾವಿನ ಅಂಚಿಗೆ ಹೋದಾಗ, ತನ್ನ ಹೆಣವನ್ನು ವೈದ್ಯ ವಿದ್ಯಾರ್ಥಿಗಳಿಗೆ ಕೊಟ್ಟುಬಿಡಿ ಎಂದು ಉಪಾಧ್ಯಾಯರಿಗೆ ತಿಳಿಸಿದ್ದರು. ಕೊಯ್ದು ಕಲಿಯಲು ಶವಗಳು ದೊರೆಯದೆ ವಿದ್ಯಾರ್ಥಿಗಳು ಗೋರಿಗಳನ್ನು ಅಗೆಯುತ್ತ, ಸತ್ತವರ ಮನೆಯವರೊಡನೆ ಹೊಡೆದಾಡುತ್ತಿದ್ದ ಕಾಲವದು. ತನ್ನ ಸಾವಾದರೂ ಒಂದು ಜಗಳವನ್ನು ತಪ್ಪಿಸಲಿ ಎಂಬ ಎಣಿಕೆ. ಇದೇ ಊರಿನಲ್ಲಿ, ದಾರಿಯಲ್ಲಿ ಅಡ್ಡಗಟ್ಟಿ ಕೆಣಕಿದ ಸಹಪಾಠಿಗಳ ಮೇಲೆ ಕತ್ತಿ ಹಿರಿದು ಅವರನ್ನು ಓಡಿಸಿದರೆಂದೂ ಅವರ ಚರಿತ್ರೆಕಾರರು ಹೇಳುತ್ತಾರೆ. ಎರಡೂ ಒಬ್ಬರೇ ಮನುಷ್ಯನ ನಡೆ ಎಂಬುದನ್ನು ಮರೆಯಬಾರದು.

ಊರಿಗೆ ಮರಳಿದಾಗ ತಂದೆ ವಧುವನ್ನೂ ಹುದ್ದೆಯನ್ನೂ ಸಿದ್ಧಪಡಿಸಿಟ್ಟಿದ್ದರು. ಮಗ ಎರಡನ್ನೂ ವಿನಯದಿಂದ ನಿರಾಕರಿಸಿದನು. ಬಂಧುಗಳು ಪ್ರಯತ್ನಿಸಿ ಧರ್ಮಪ್ರಾಂತ್ಯದಲ್ಲಿ ದೊಡ್ಡ ಸ್ಥಾನವೊಂದನ್ನು ದೊರಕಿಸಿದ ಮೇಲೆ ತಂದೆ ಮಣಿದರು. 1593ರ ಡಿಸೆಂಬರ್ 18ರಂದು ಗುರುದೀಕ್ಷೆಯಾಯಿತು. ಮರುವರ್ಷವೇ, 1594ರ ಸೆಪ್ಟೆಂಬರಿನಲ್ಲಿ, ಜಿನೀವಾ ಸರೋವರದ ದಕ್ಷಿಣಕ್ಕಿರುವ ಶಾಬ್ಲೆ ಸೀಮೆಗೆ ಅವರೂ ಅವರ ಸೋದರ ಸಂಬಂಧಿ ಲೂಯಿ ಡಿ ಸೇಲ್ಸರೂ ಹೊರಟುನಿಂತರು. 1536ರಲ್ಲಿ ಬರ್ನ್ ನಗರದ ಸೈನ್ಯ ಗೆದ್ದುಕೊಂಡ ಆ ಸೀಮೆ, ಸವೋಯ್ ಡ್ಯೂಕನ ಕೈಗೆ ಮರಳಿದ ಮೇಲೂ ಪ್ರಾಟೆಸ್ಟಂಟ್ ಮತದಲ್ಲೇ ಉಳಿದಿತ್ತು. ಮಗ ಸಾಯಲು ಹೊರಟಿರುವನೆಂದು ಬಗೆದ ತಂದೆ ಹಣ ಕೊಡಲು ಒಪ್ಪಲಿಲ್ಲ. ತಾಯಿ ಗುಟ್ಟಾಗಿ ಬಟ್ಟೆಬರೆಗಳನ್ನೂ ಒಂದಿಷ್ಟು ದುಡ್ಡನ್ನೂ ಕಳುಹಿಸುತ್ತಿದ್ದರು.

ಆ ಸೀಮೆಯ ಮುಖ್ಯ ಪಟ್ಟಣವಾದ ಥೋನೋನಿನಲ್ಲಿ ಕಥೋಲಿಕರು ಬೆರಳೆಣಿಕೆಯಷ್ಟು. ರಾತ್ರಿ ಅಲ್ಲಿ ತಂಗುವುದು ಅಪಾಯವೆಂದು ಆಲಿಂಜ್ ಬೆಟ್ಟದ ಕೋಟೆಯಲ್ಲಿ ಮಲಗಿ, ದಿನವೂ ನಡೆದು ಹೋಗಿ ಬರಬೇಕಾಗಿತ್ತು. ಪ್ರವಚನ ಕೇಳಲು ಹೋದವರಿಗೆ ನೆರೆಹೊರೆಯವರ ಬೆದರಿಕೆ. ಫ್ರಾನ್ಸಿಸರು ಖಾಲಿ ಬೆಂಚುಗಳಿಗೆ ಉಪದೇಶ ಮಾಡಿದ ದಿನಗಳೇ ಹೆಚ್ಚು. ಒಂದು ಚಳಿಗಾಲದ ರಾತ್ರಿ ತೋಳಗಳ ಭಯಕ್ಕೆ ಮರವನ್ನೇರಿ, ನಿದ್ದೆಯಲ್ಲಿ ಬೀಳದಂತೆ ನಡುಪಟ್ಟಿಯಿಂದ ತಮ್ಮನ್ನು ಕೊಂಬೆಗೆ ಕಟ್ಟಿಕೊಂಡರು. ಬೆಳಗಾದಾಗ ಸೆಟೆದುಕೊಂಡಿದ್ದ ಅವರನ್ನು ಇಳಿಸಿ, ಮನೆಗೆ ಕರೆದೊಯ್ದು ಕಾಯಿಸಿ ಬದುಕಿಸಿದವರು ಅದೇ ಪ್ರಾಟೆಸ್ಟಂಟ್ ರೈತರು. ಕೊಲೆಗಾರರು ಹೊಂಚುಹಾಕಿದ್ದೂ ಉಂಟು.

ಎರಡು ವರ್ಷ ಕಳೆದರೂ ಎಣಿಸಲು ಹೆಚ್ಚೇನೂ ಇರಲಿಲ್ಲ. ಪ್ಯಾರಿಸಿನ ಆ ಹಳೆಯ ಕತ್ತಲೆ ಮರಳಿ ಬರಲು ಇದಕ್ಕಿಂತ ಒಳ್ಳೆಯ ಸಮಯ ಯಾವುದು? ಆದರೆ ಅವರು ಕುಗ್ಗಲಿಲ್ಲ. ಜನ ಕೇಳಲು ಬಾರದಿದ್ದರೆ ಓದಲಾದರೂ ಓದಲಿ ಎಂದು, ಧರ್ಮಸಭೆಯ ಬೋಧನೆಯನ್ನು ಚಿಕ್ಕ ಚಿಕ್ಕ ಹಾಳೆಗಳಲ್ಲಿ ಬರೆದು, ಪ್ರತಿ ಮಾಡಿಸಿ, ಮುದ್ರಿಸಿ, ಬಾಗಿಲ ಸಂದಿಗಳಲ್ಲಿ ತಳ್ಳಿದರು, ಗೋಡೆಗಳಿಗೆ ಅಂಟಿಸಿದರು. ಕಥೋಲಿಕ ಪತ್ರಿಕೆಗಳಲ್ಲಿ ನಾಲ್ಕು ಸಾಲು ಬರೆಯುವ ನಮ್ಮಂಥವರಿಗೆ ಈ ಹಾಳೆಗಳ ಮೇಲೆ ವಿಶೇಷ ಅಭಿಮಾನ. ಅವರ ಮರಣದ ಮುನ್ನೂರನೆಯ ವರ್ಷದ ಸ್ಮರಣೆಯಲ್ಲಿ, 1923ರಲ್ಲಿ, ಜಗದ್ಗುರು ಹನ್ನೊಂದನೆಯ ಪಿಯುಸರು ಫ್ರಾನ್ಸಿಸರನ್ನು ಕಥೋಲಿಕ ಬರಹಗಾರರ ಪಾಲಕ ಸಂತರೆಂದು ಸಾರಿದ್ದು ಸುಮ್ಮನೆ ಅಲ್ಲ.

1596ರ ಕ್ರಿಸ್ತಜಯಂತಿಗೆ ಥೋನೋನಿನಲ್ಲಿ ಬಲಿಪೂಜೆ ನಡೆಯಿತು. 1598ರ ವೇಳೆಗೆ ಆ ಸೀಮೆಯ ಬಹುಭಾಗ ಧರ್ಮಸಭೆಗೆ ಮರಳಿತು. ಇದೆಲ್ಲ ಒಬ್ಬ ಗುರುವಿನ ಸವಿಮಾತಿನಿಂದಲೇ ಆಯಿತೆಂದು ಬರೆದರೆ ಓದಲು ಚೆನ್ನ. ಆದರೆ ಡ್ಯೂಕ್ ಚಾರ್ಲ್ಸ್ ಎಮ್ಯಾನುಯೆಲನ ರಾಜಬಲವೂ ಅದರ ಹಿಂದೆ ಇತ್ತು. ಮತಾಂತರಕ್ಕೆ ಒಪ್ಪದವರಿಗೆ ಕಷ್ಟ ಒದಗಿತು. ಫ್ರಾನ್ಸಿಸರು ಸಹ ಡ್ಯೂಕನ ನೆರವನ್ನು ಕೋರಿದವರೇ. ಅವರೂ ತಮ್ಮ ಕಾಲದ ಮನುಷ್ಯರು. ಆದರೂ ದ್ವೇಷದ ಭಾಷೆ ಎರಡೂ ಕಡೆ ಮಾಮೂಲಾಗಿದ್ದ ಆ ಶತಮಾನದಲ್ಲಿ ಎದುರಾಳಿಯನ್ನು ಬೈಯದೆ ಬರೆದ ಅಪರೂಪದವರಲ್ಲಿ ಅವರು ಒಬ್ಬರು. 1597ರಲ್ಲಿ ಜಿನೀವಾಕ್ಕೆ ಹೋಗಿ, ಕ್ಯಾಲ್ವಿನರ ಉತ್ತರಾಧಿಕಾರಿಯಾದ ವೃದ್ಧ ಥಿಯೊಡೋರ್ ಬೇಜಾರೊಡನೆ ಮರ್ಯಾದೆಯಿಂದ ಕುಳಿತು ಮಾತಾಡಿದರು. ಬೇಜಾ ತಮ್ಮ ಮತವನ್ನು ಬಿಡಲಿಲ್ಲ. ಫ್ರಾನ್ಸಿಸರು ತಮ್ಮ ಮರ್ಯಾದೆಯನ್ನು ಬಿಡಲಿಲ್ಲ.

1602ರ ಡಿಸೆಂಬರ್ 8ರಂದು ಅವರಿಗೆ ಜಿನೀವಾದ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ಹೆಸರಿಗೆ ಜಿನೀವಾ, ಆ ನಗರಕ್ಕೆ ಕಾಲಿಡುವ ಹಾಗಿಲ್ಲವಾದ್ದರಿಂದ ವಾಸ ಆನ್ಸಿ ಪಟ್ಟಣದಲ್ಲಿ. ಇನ್ನು ಮುಂದಿನ ಇಪ್ಪತ್ತು ವರ್ಷ ಬೆಟ್ಟದ ಹಳ್ಳಿಗಳನ್ನು ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಸುತ್ತುವುದು, ಮಕ್ಕಳಿಗೆ ಧರ್ಮೋಪದೇಶ, ಗಂಟೆಗಟ್ಟಲೆ ಪಾಪನಿವೇದನೆ ಕೇಳುವುದು, ಮುಗಿಯದ ಪತ್ರಗಳು. ಮಾರ್ಟಿನ್ ಎಂಬ ಮೂಕ ಮತ್ತು ಕಿವುಡ ಯುವಕನಿಗೆ ಕೈಸನ್ನೆಗಳ ಮೂಲಕ ಧರ್ಮೋಪದೇಶ ಕಲಿಸಿ, ಪರಮಪ್ರಸಾದ ನೀಡಿ, ತಮ್ಮ ಮನೆಯಲ್ಲೇ ಇರಿಸಿಕೊಂಡರು. ಕಿವುಡರು ತಮ್ಮ ಪಾಲಕ ಸಂತರೆಂದು ಅವರನ್ನು ನೆನೆಯುವುದು ಇದರಿಂದ.

ಕೋಪ ಏನಾಯಿತು? ಅದು ಎಲ್ಲಿಗೂ ಹೋಗಿರಲಿಲ್ಲ. ಒಬ್ಬ ದೊಡ್ಡ ಮನುಷ್ಯ ಮುಖದ ಮೇಲೆ ಬೈದು ಹೋದಾಗ ಫ್ರಾನ್ಸಿಸರು ತುಟಿ ಬಿಚ್ಚದೆ ನಿಂತಿದ್ದರಂತೆ. ಸುಮ್ಮನಿದ್ದುದೇಕೆಂದು ಮನೆಯವರು ಕೇಳಿದರೆ, ಇಪ್ಪತ್ತು ವರ್ಷಗಳಿಗೂ ಮಿಕ್ಕು ಹನಿಹನಿಯಾಗಿ ಕೂಡಿಟ್ಟ ತಾಳ್ಮೆಯನ್ನು ಕಾಲುಗಂಟೆಯಲ್ಲಿ ಚೆಲ್ಲಿಬಿಡುವ ಭಯವಾಯಿತು ಎಂಬರ್ಥದ ಉತ್ತರ ಬಂತೆಂದು ಪ್ರತೀತಿ. ಒಳಗೆ ರಕ್ತ ಕುದಿಯುತ್ತಿತ್ತು, ಹೊರಗೆ ಬರದಂತೆ ಹಿಡಿದದ್ದು ವರ್ಷಗಳ ಅಭ್ಯಾಸ. ಮರಣಾನಂತರ ಅವರ ದೇಹವನ್ನು ತೆರೆದ ವೈದ್ಯರಿಗೆ ಪಿತ್ತಕೋಶದಲ್ಲಿ ಕಲ್ಲುಗಳು ಕಂಡವು. ನುಂಗಿದ ಕೋಪವೆಲ್ಲ ಕಲ್ಲಾಯಿತೆಂದು ಜನ ಮಾತಾಡಿಕೊಂಡರು. ಪಿತ್ತಕೋಶದ ಕಲ್ಲು ಸಿಡುಕಿನವರಿಗೂ ಶಾಂತರಿಗೂ ಸಮಾನವಾಗಿ ಆಗುತ್ತದೆಂದು ಇಂದು ನಾವು ಬಲ್ಲೆವು. ಆದರೆ ಅವರನ್ನು ಹತ್ತಿರದಿಂದ ಕಂಡ ಜನ ಆ ಸೌಮ್ಯತೆಗೆ ಬೆಲೆ ತೆತ್ತವರು ಅವರೇ ಎಂದು ಅರಿತಿದ್ದರೆಂಬುದಕ್ಕೆ ಈ ಮಾತು ಸಾಕ್ಷಿ. ಅವರ ಸ್ನೇಹಿತರಾದ ಬೆಲ್ಲೆಯ ಧರ್ಮಾಧ್ಯಕ್ಷ ಕಾಮು ಎಂಬವರಿಗೆ ಒಂದು ಅನುಮಾನ: ಜನರ ಮುಂದೆ ಇಷ್ಟು ಶಾಂತನಾಗಿರುವ ಮನುಷ್ಯ ಒಬ್ಬನೇ ಇರುವಾಗ ಹೇಗಿರುತ್ತಾನೋ? ಫ್ರಾನ್ಸಿಸರು ಅತಿಥಿಯಾಗಿ ಬಂದಾಗ ಕೋಣೆಯ ಗೋಡೆಯಲ್ಲಿ ರಂಧ್ರ ಕೊರೆದು ಇಣುಕಿ ನೋಡಿದರು. ಒಳಗಿನ ಮನುಷ್ಯನೂ ಹೊರಗಿನ ಮನುಷ್ಯನೂ ಒಬ್ಬನೇ ಎಂದು ಕಂಡು, ತಮ್ಮ ಈ ಕಳ್ಳತನವನ್ನು ಕಾಮು ತಾವೇ ಬರೆದಿಟ್ಟಿದ್ದಾರೆ.

1609ರಲ್ಲಿ ಪ್ರಕಟವಾದ, ಭಕ್ತಿಜೀವನಕ್ಕೆ ಪ್ರವೇಶ ಎಂಬ ಗ್ರಂಥದಲ್ಲಿ ಈ ಅನುಭವವೆಲ್ಲ ಹದವಾಗಿ ಬೆರೆತಿದೆ. ಮದುವೆಯಾಗಿ ಸಂಸಾರವಂದಿಗಳಾಗಿದ್ದ ಒಬ್ಬ ಮಹಿಳೆಗೆ ಬರೆದುಕೊಟ್ಟ ಸಲಹೆಗಳೇ ಪುಸ್ತಕವಾದವು. ಪುಣ್ಯಜೀವನ ಮಠವಾಸಿಗಳ ಸೊತ್ತಲ್ಲ, ಸಿಪಾಯಿಗೂ ಕುಶಲಕರ್ಮಿಗೂ ಗೃಹಿಣಿಗೂ ಅವರವರ ಕೆಲಸದೊಳಗೇ ಅದು ಸಾಧ್ಯ ಎಂಬುದು ಅದರ ಜೀವಾಳ. ಎರಡನೆಯ ವ್ಯಾಟಿಕನ್ ಮಹಾಸಭೆ ಶ್ರೀಸಾಮಾನ್ಯರೆಲ್ಲರಿಗೂ ಪಾವಿತ್ರ್ಯದ ಕರೆಯಿದೆಯೆಂದು ಸಾರುವುದಕ್ಕೆ ಮೂರೂವರೆ ಶತಮಾನಗಳ ಮೊದಲಿನ ಮಾತಿದು.

ಅದರಲ್ಲಿ ನಮ್ಮ ಕುಟುಂಬಗಳಿಗೆ ತೀರ ಹತ್ತಿರವಾದ ಕೆಲವು ಅಧ್ಯಾಯಗಳಿವೆ. ಮನಸ್ಸಿನ ಕಳವಳವನ್ನು ಫ್ರಾನ್ಸಿಸರು ಪಾಪವೊಂದನ್ನು ಬಿಟ್ಟರೆ ಆತ್ಮಕ್ಕೆ ಒದಗುವ ಅತಿ ದೊಡ್ಡ ಕೇಡೆಂದು ಎಣಿಸುತ್ತಾರೆ. ಬಲೆಗೆ ಬಿದ್ದ ಹಕ್ಕಿ ಗಾಬರಿಯಿಂದ ರೆಕ್ಕೆ ಬಡಿದಷ್ಟೂ ಇನ್ನಷ್ಟು ಸಿಕ್ಕಿಕೊಳ್ಳುವಂತೆ, ಕಷ್ಟದಿಂದ ಪಾರಾಗುವ ಆತುರವೇ ಮನುಷ್ಯನನ್ನು ಕಷ್ಟದಲ್ಲಿ ಕಟ್ಟಿಹಾಕುತ್ತದೆಂಬುದು ಅವರ ವಿವರಣೆ. ಮೊದಲು ಮನಸ್ಸು ನೆಲೆಗೊಳ್ಳಲಿ, ಅನಂತರ ನಿಧಾನವಾಗಿ ದಾರಿ ಹುಡುಕೋಣ ಎನ್ನುತ್ತಾರೆ. ದುಃಖ ಕವಿದಾಗ ಪ್ರಾರ್ಥನೆ ರುಚಿಸದಿದ್ದರೂ ಬಿಡಬಾರದು, ಕೈಗೆ ಏನಾದರೊಂದು ಕೆಲಸ ಕೊಡಬೇಕು, ನಂಬಿಕಸ್ಥರೊಬ್ಬರ ಮುಂದೆ ಮನಸ್ಸು ಬಿಚ್ಚಬೇಕು. ಈ ಕೊನೆಯದು ಪ್ಯಾರಿಸಿನಲ್ಲಿ ಬಾಯಿ ಬಿಡದೆ ಸೊರಗಿದವರು ಕಲಿತ ಪಾಠವಿರಬೇಕೆಂದು ನಮ್ಮ ಊಹೆ.

ಇನ್ನೂ ಮುಖ್ಯವಾದ ಅಧ್ಯಾಯ ನಮ್ಮ ಮೇಲೆ ನಾವು ತೋರಬೇಕಾದ ಸೌಮ್ಯತೆಯನ್ನು ಕುರಿತದ್ದು. ಸಿಟ್ಟು ಮಾಡಿದ ಮೇಲೆ, ಸಿಟ್ಟು ಮಾಡಿದೆನಲ್ಲಾ ಎಂದು ಮತ್ತೆ ತಮ್ಮ ಮೇಲೆಯೇ ಸಿಟ್ಟಾಗುವವರುಂಟು. ತಪ್ಪೊಪ್ಪಿಗೆಯಂತೆ ಕಾಣುವ ಇದರ ಅಡಿಯಲ್ಲಿ ಅಹಂಕಾರವಿದೆಯೆಂದು ಅವರು ಗುರುತಿಸಿದರು. ತಾನು ಇಷ್ಟು ದುರ್ಬಲನೇ ಎಂಬ ಆಶ್ಚರ್ಯವಿಲ್ಲದೆ ಅಂಥ ರೋಷ ಹುಟ್ಟುವುದಿಲ್ಲ. ಕೂಗಾಡುವ ತಂದೆಗಿಂತ ಮೆಲುದನಿಯಲ್ಲಿ ತಿದ್ದುವ ತಂದೆಯ ಮಾತು ಮಗನ ಎದೆಗೆ ಇಳಿಯುವಂತೆ, ನಮ್ಮ ಹೃದಯವನ್ನೂ ಕನಿಕರದಿಂದ ತಿದ್ದಬೇಕು, ಬಿದ್ದಲ್ಲಿಂದ ಎತ್ತಿ ಮತ್ತೆ ನಡೆಸಬೇಕು. ಪಾಪನಿವೇದನೆ ಮಾಡಿ ಕ್ಷಮೆ ಪಡೆದ ಮೇಲೂ ತಿಂಗಳುಗಟ್ಟಲೆ ತಮ್ಮನ್ನು ತಾವೇ ಕ್ಷಮಿಸಿಕೊಳ್ಳದ ಹಿರಿಯರನ್ನು, ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದುದಕ್ಕೆ ತಾವು ಯಾತಕ್ಕೂ ಬಾರದವರೆಂದು ನಿರ್ಧರಿಸಿಕೊಳ್ಳುವ ಮಕ್ಕಳನ್ನು ಪ್ರತಿ ಧರ್ಮಕೇಂದ್ರದಲ್ಲೂ ಕಾಣುತ್ತೇವೆ. ಅಂಥವರ ಕೈಗೆ ಈ ಅಧ್ಯಾಯ ಸಿಕ್ಕಬೇಕು.

ಈ ಬೋಧನೆ ಒಬ್ಬರ ಬಾಳಿನಲ್ಲಿ ಎಷ್ಟು ನಿಧಾನವಾಗಿ ಫಲ ಕೊಟ್ಟಿತೆಂಬುದನ್ನು ತಿಳಿಯಲು ಜೇನ್ ಫ್ರಾನ್ಸಿಸ್ ದ ಶಾಂತಾಲರ ಕಡೆಗೆ ತಿರುಗಬೇಕು. 1601ರಲ್ಲಿ, ಅವರಿಗೆ ಇಪ್ಪತ್ತೊಂಬತ್ತು ವರ್ಷವಾಗಿದ್ದಾಗ, ಬೇಟೆಗೆ ಹೋದ ಗಂಡನಿಗೆ ಜೊತೆಗಾರನ ಗುಂಡು ಆಕಸ್ಮಿಕವಾಗಿ ತಗಲಿತು. ಗಂಡ ಸಾಯುವ ಮುನ್ನ ಆ ಮನುಷ್ಯನನ್ನು ಕ್ಷಮಿಸಿದನು. ನಾಲ್ಕು ಮಕ್ಕಳೊಡನೆ ಉಳಿದ ಹೆಂಡತಿಗೆ ಅದು ಆಗಲಿಲ್ಲ. ಅವನ ಹೆಸರು ಕೇಳಿದರೆ ಮೈ ನಡುಗುತ್ತಿತ್ತು. ಮೇಲೆ ಸಿಡುಕಿನ ಮಾವನ ಮನೆಯ ವಾಸ, ಅಲ್ಲಿ ಮನೆವಾರ್ತೆ ನೋಡುತ್ತಿದ್ದ ಹೆಂಗಸಿನ ದರ್ಬಾರು. 1604ರ ತಪಸ್ಸುಕಾಲದಲ್ಲಿ ದಿಜೋನ್ ನಗರದಲ್ಲಿ ಫ್ರಾನ್ಸಿಸರ ಪ್ರವಚನ ಕೇಳಿ ಆಕೆ ಅವರ ಮಾರ್ಗದರ್ಶನ ಬೇಡಿದರು.

ಆ ಮನುಷ್ಯನ ವಿಷಯದಲ್ಲಿ ಫ್ರಾನ್ಸಿಸರು ಕೊಟ್ಟ ಸಲಹೆ ನಮ್ಮನ್ನು ಇಂದಿಗೂ ಯೋಚನೆಗೆ ಹಚ್ಚುತ್ತದೆ. ಓಡಿಹೋಗಿ ಕ್ಷಮಿಸು ಎಂದು ಅವರು ಅಪ್ಪಣೆ ಮಾಡಲಿಲ್ಲ. ಅವನನ್ನು ಹುಡುಕಿಕೊಂಡು ಹೋಗಬೇಕಿಲ್ಲ. ತಾನಾಗಿ ಎದುರಾದರೆ ಮುಖ ತಿರುಗಿಸದೆ, ಮೃದುವಾಗಿ ನಡೆದುಕೊಂಡರೆ ಸಾಕು. ಆಗ ಒಳಗೆ ರಕ್ತ ಕುದಿಯುವುದು ಸಹಜ, ಅದಕ್ಕೆ ಹೆದರಬೇಕಿಲ್ಲ ಎಂಬುದು ಆ ಸಲಹೆಯ ತಿರುಳು. ಭಾವನೆ ಮಣಿಯದಿದ್ದರೂ ಇಚ್ಛೆ ಮಣಿಯಬಹುದೆಂದು ಬಲ್ಲವರ ಮಾತಿದು. ಆಕೆ ಅವನನ್ನು ಕಂಡರು. ಕಾಲ ಕಳೆದ ಮೇಲೆ ಅವನ ಮಗುವಿಗೆ ಜ್ಞಾನತಾಯಿಯಾಗಿ ಜ್ಞಾನಸ್ನಾನದ ತೊಟ್ಟಿಯ ಬಳಿ ನಿಂತರು.

1610ರ ಜೂನ್ 6ರಂದು ಇಬ್ಬರೂ ಸೇರಿ ಆನ್ಸಿಯಲ್ಲಿ ಮಾತೆ ಮರಿಯಳ ಸಂದರ್ಶನದ ಹೆಸರಿನ ಕನ್ಯಾಸ್ತ್ರೀ ಸಭೆಯನ್ನು ಸ್ಥಾಪಿಸಿದರು. ಇತರ ಮಠಗಳ ಕಠಿಣ ವ್ರತಗಳನ್ನು ತಾಳಲಾರದ ದುರ್ಬಲ ದೇಹದವರಿಗೆ, ವಿಧವೆಯರಿಗೆ ಅಲ್ಲಿ ಬಾಗಿಲು ತೆರೆಯಿತು. ಕನ್ಯಾಸ್ತ್ರೀಯರು ರೋಗಿಗಳ ಮನೆಗಳಿಗೆ ಹೋಗಬೇಕೆಂಬುದು ಮೂಲ ಯೋಜನೆ. ಕನ್ಯಾಸ್ತ್ರೀಯರು ಮಠದ ಗೋಡೆಯೊಳಗೇ ಇರಬೇಕೆಂದು ಲಿಯೋನ್ ನಗರದ ಮಹಾಧರ್ಮಾಧ್ಯಕ್ಷರು ಹಟ ಹಿಡಿದಾಗ ಫ್ರಾನ್ಸಿಸರು ಮಣಿದರು. ಕನಸಿನ ಅರ್ಧವನ್ನು ಬಿಟ್ಟುಕೊಟ್ಟ ಈ ಮಣಿಯುವಿಕೆ ಎಲ್ಲರಿಗೂ ಸರಿಯೆನಿಸಲಿಕ್ಕಿಲ್ಲ. ನಮಗೂ ಅದರಲ್ಲಿ ಒಂದಿಷ್ಟು ಬೇಸರವಿದೆ.

1617ರಲ್ಲಿ ಇಬ್ಬರ ಮನೆಗೂ ಒಂದೇ ಸಿಡಿಲು ಬಡಿಯಿತು. ಜೇನರ ಮಗಳು ಮಾರಿ ಎಮೆಯನ್ನು ಫ್ರಾನ್ಸಿಸರ ತಮ್ಮ ಬರ್ನಾರ್ಡ್ ಮದುವೆಯಾಗಿದ್ದನು. ಮೇ ತಿಂಗಳಲ್ಲಿ ಅವನು ಜ್ವರದಿಂದ ಸತ್ತನು. ಸೆಪ್ಟೆಂಬರಿನಲ್ಲಿ ಆಕೆ ಅಕಾಲ ಪ್ರಸವದ ಬಳಿಕ ತೀರಿಕೊಂಡಳು. ಫ್ರಾನ್ಸಿಸರು ಅತ್ತರು, ಅತ್ತದ್ದನ್ನು ಮರೆಮಾಚಲಿಲ್ಲ. ನಂಬಿಕೆಯುಳ್ಳವರು ಅಳಬಾರದೆಂಬ ಮಾತನ್ನು ಸಾವಿನ ಮನೆಗಳಲ್ಲಿ ನಾವು ಕೇಳಿರುತ್ತೇವೆ. ಈ ಸಂತರ ಬಳಿ ಆ ಮಾತಿಗೆ ಬೆಂಬಲ ಸಿಗುವುದಿಲ್ಲ.

ಜೇನರ ಕತ್ತಲೆ ಮಾತ್ರ ಫ್ರಾನ್ಸಿಸರ ಕತ್ತಲೆಯಂತೆ ಆರು ವಾರಕ್ಕೆ ಮುಗಿಯಲಿಲ್ಲ. ವಿಶ್ವಾಸದ ವಿಷಯದಲ್ಲೇ ಶಂಕೆಗಳು, ಪ್ರಾರ್ಥನೆಯಲ್ಲಿ ಶುಷ್ಕತೆ ಅವರನ್ನು ವರ್ಷವರ್ಷವೂ ಕಾಡಿದವು. ಹೊರಗೆ ಅವರು ಮಠದ ಮೇಲೆ ಮಠವನ್ನು ಸ್ಥಾಪಿಸುತ್ತ, ಎಳೆಯ ಸೋದರಿಯರನ್ನು ಸಂತೈಸುತ್ತ ನಡೆದರು. ಒಂದೇ ಔಷಧಿ ಎಲ್ಲರಿಗೂ ಒಂದೇ ವೇಗದಲ್ಲಿ ತಗಲುವುದಿಲ್ಲವೆಂದು ಫ್ರಾನ್ಸಿಸರಿಗೆ ಗೊತ್ತಿತ್ತು. ಶಂಕೆಯೊಡನೆ ವಾದಕ್ಕಿಳಿಯಬೇಡಿ, ಬಾಗಿಲು ಬಡಿಯುವವನು ಬಡಿಯುತ್ತಿರಲಿ, ನೀವು ನಿಮ್ಮ ಕೆಲಸ ನೋಡಿ ಎಂಬ ಧಾಟಿಯ ಪತ್ರಗಳನ್ನು ಅವರು ಬೇಸರಿಸದೆ ಬರೆಯುತ್ತಿದ್ದರು. 1616ರಲ್ಲಿ ಹೊರಬಂದ, ದೇವಪ್ರೀತಿಯನ್ನು ಕುರಿತ ಅವರ ಮಹಾಗ್ರಂಥದ ಹಿಂದೆ ಈ ಪತ್ರಗಳೂ ಮಠದ ಸೋದರಿಯರೊಡನೆ ನಡೆದ ಮಾತುಕತೆಗಳೂ ಇವೆ. 2022ರ ಡಿಸೆಂಬರ್ 28ರಂದು, ಸಂತರು ತೀರಿಕೊಂಡು ನಾನೂರು ವರ್ಷ ತುಂಬಿದ ದಿನ, ಜಗದ್ಗುರು ಫ್ರಾನ್ಸಿಸರು ಪ್ರಕಟಿಸಿದ ಪ್ರೇಷಿತ ಪತ್ರದ ಹೆಸರೂ ಎಲ್ಲವೂ ಪ್ರೀತಿಗೆ ಸೇರಿದ್ದೆಂಬ ಅದೇ ಗ್ರಂಥದ ಭಾವದಿಂದ ಬಂದದ್ದು.

ಆನ್ಸಿಯ ಹೆಸರು ನಮ್ಮ ನಾಡಿಗೂ ಒಂದು ದಾರಿಯಿಂದ ಬಂದಿದೆ. ಅಲ್ಲಿ 1838ರಲ್ಲಿ ಪೀಟರ್ ಮೆರ್ಮಿಯೆ ಎಂಬ ಗುರು ಫ್ರಾನ್ಸಿಸರ ಹೆಸರಿನಲ್ಲಿ ಕಟ್ಟಿದ ಧರ್ಮಪ್ರಚಾರಕರ ಸಭೆಯ ಗುರುಗಳು 1846ರಲ್ಲಿ ವಿಶಾಖಪಟ್ಟಣಕ್ಕೆ ಬಂದರು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಬಳಿ ಈ ಸಂತರ ಹೆಸರು ಹೊತ್ತ ಕಾಲೇಜನ್ನು ನಡೆಸುತ್ತಿರುವವರು ಅದೇ ಸಭೆಯವರು.

1622ರ ಚಳಿಗಾಲದಲ್ಲಿ ಫ್ರಾನ್ಸಿಸರು ಡ್ಯೂಕನ ಪರಿವಾರದೊಡನೆ ಪ್ರಯಾಣ ಹೊರಡಬೇಕಾಯಿತು. ಆರೋಗ್ಯ ಆಗಲೇ ಕೆಟ್ಟಿತ್ತು. ಲಿಯೋನಿನಲ್ಲಿ ದೊಡ್ಡ ಮನೆಗಳು ಅವರಿಗಾಗಿ ತೆರೆದಿದ್ದರೂ, ಸಂದರ್ಶನ ಸಭೆಯ ಮಠದ ತೋಟಗಾರನ ಗುಡಿಸಲನ್ನು ಆರಿಸಿಕೊಂಡರು. ಡಿಸೆಂಬರ್ ತಿಂಗಳ ನಡುವೆ ಜೇನ್ ಅಲ್ಲಿಗೆ ಬಂದರು. ಇಬ್ಬರೂ ಭೇಟಿಯಾಗಿ ಮೂರು ವರ್ಷಗಳ ಮೇಲಾಗಿತ್ತು. ತಮ್ಮ ಆತ್ಮದ ಸಂಕಟಗಳನ್ನೆಲ್ಲ ಟಿಪ್ಪಣಿ ಮಾಡಿಕೊಂಡು ಆಕೆ ತಂದಿದ್ದರು. ಸಿಕ್ಕ ಕೆಲವು ಗಂಟೆಗಳಲ್ಲಿ ಮಠಗಳ ವ್ಯವಹಾರ ಮಾತಾಡೋಣ, ನಿಮ್ಮ ವಿಷಯ ಆನ್ಸಿಯಲ್ಲಿ ಸಾವಕಾಶವಾಗಿ ನೋಡೋಣ ಎಂದು ಫ್ರಾನ್ಸಿಸರು ಸೂಚಿಸಿದರು. ಆಕೆ ಎದುರಾಡದೆ ಕಾಗದವನ್ನು ಮಡಚಿಟ್ಟರು, ಮಠಗಳ ಲೆಕ್ಕಪತ್ರಗಳನ್ನು ತೆರೆದರು.

ಡಿಸೆಂಬರ್ 27ರಂದು ಫ್ರಾನ್ಸಿಸರಿಗೆ ಪಾರ್ಶ್ವವಾಯು ಬಡಿಯಿತು. ಅಂದಿನ ವೈದ್ಯ ಪದ್ಧತಿಯಂತೆ ಕಾದ ಕಬ್ಬಿಣದಿಂದ ತಲೆಗೆ ಬರೆ ಹಾಕಿದರು. ಅವರು ನೋವನ್ನು ನುಂಗಿದರು. ಮರುದಿನ, ಮುಗ್ಧ ಶಿಶುಗಳ ಹಬ್ಬದ ಸಂಜೆ, ಸುತ್ತ ನೆರೆದವರು ಸಂತರ ಮನವಿಮಾಲೆಯನ್ನು ಹೇಳುತ್ತ ಆ ಶಿಶುಗಳ ಹೆಸರಿಗೆ ಬಂದಾಗ ಅವರ ಉಸಿರು ನಿಂತಿತು. ವಯಸ್ಸು ಐವತ್ತೈದು. ಅವರನ್ನು ಆನ್ಸಿಗೆ ಕೊಂಡೊಯ್ದು ಸಮಾಧಿ ಮಾಡಿದ 1623ರ ಜನವರಿ 24, ಇಂದು ನಾವು ಆಚರಿಸುವ ಅವರ ಸ್ಮರಣೆಯ ದಿನವಾಯಿತು. 1665ರಲ್ಲಿ ಸಂತ ಪದವಿ, 1877ರಲ್ಲಿ ಧರ್ಮಸಭೆಯ ಪಂಡಿತರೆಂಬ ಬಿರುದು ಅವರಿಗೆ ಸಂದವು.

ಜೇನ್ ಇನ್ನೂ ಹತ್ತೊಂಬತ್ತು ವರ್ಷ ಬದುಕಿದರು. ಸಂತ ವಿನ್ಸೆಂಟ್ ದ ಪಾಲರು ಆಕೆಗೆ ಮಾರ್ಗದರ್ಶಿಯಾದರು. ಶಂಕೆಗಳು ಬಹುಕಾಲ ಬಿಡಲಿಲ್ಲ; ಆಕೆ ಪ್ರಾರ್ಥನೆಯನ್ನೂ ಬಿಡಲಿಲ್ಲ. 1641ರ ಡಿಸೆಂಬರ್ 13ರಂದು ಮುಲೆನ್ ಪಟ್ಟಣದ ಮಠದಲ್ಲಿ ಆಕೆ ತೀರಿಕೊಂಡಾಗ, ಆನ್ಸಿಯಲ್ಲಿ ಒಂದೇ ಚಿಕ್ಕ ಮನೆಯಿಂದ ಮೊದಲಾದ ಸಭೆಗೆ ಎಂಬತ್ತಕ್ಕೂ ಹೆಚ್ಚು ಮಠಗಳಿದ್ದವು. ಆಕೆಯ ದೇಹವನ್ನೂ ಆನ್ಸಿಗೆ ತಂದರು.